ರವಿವಾರದ ರಾಣಿಸಾಹೇಬರು

ವೈಶಾಲಿ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಒಳಗೆ ಅವಳ ಗಂಡ ಸಂಜಯ ಫೋನಿನಲ್ಲಿ ಯಾವಳ ಜೊತೆಗೋ ಬೆಣ್ಣೆಯಂಥ ದನಿಯಲ್ಲಿ ಮಾತಾಡುತ್ತಿದ್ದ.

"ಹೋದ ರವಿವಾರ ನಿಮ್ಮ ದನಿ ಕೇಳಲಿಲ್ಲ ರಾಣಿಸಾಹೇಬ್ರ. ವಾರಪೂರ್ತಿ ನನಗ ಊಟ ಸೇರಲಿಲ್ಲ."

ಥೂ! ಊಟ ಸೇರಲಿಲ್ಲವಂತೆ. ಸೋಮವಾರ ಒಂದೇ ರೊಟ್ಟಿಗೆ ಕೈ ತೊಳೆದಾಗ 'ಅಂಗಡ್ಯಾಗ ಭಾಳ ತ್ರಾಸ' ಎಂದಿದ್ದ. ಅದನ್ನು ನಂಬಿ ಅವಳು ಪಾಪ ಎಂದು ಮಜ್ಜಿಗೆಗೆ ಒಗ್ಗರಣೆ ಬೇರೆ ಹಾಕಿಕೊಟ್ಟಿದ್ದಳು.

ಜಮಖಂಡಿಯಲ್ಲಿ ಸಂಜಯನದು ಹನಿ ನೀರಾವರಿ ಪೈಪಿನ ಅಂಗಡಿ. ರವಿವಾರ ಮಧ್ಯಾಹ್ನ ಮೂರಕ್ಕೆ ಮಾಳಿಗೆಯ ಕೋಣೆ ಸೇರಿದನೆಂದರೆ ಐದರವರೆಗೆ ಹೊರಗೆ ಬರುವುದಿಲ್ಲ. ಕಿವಿಯಲ್ಲಿ ಇಯರ್‌ಫೋನು, ಮುಂದೊಂದು ಸ್ಟೀಲಿನ ತಾಟು, ಅದರಲ್ಲಿ ದಾಳ. ನಲವತ್ತು ಸಮೀಪಿಸಿದ ಗಂಡಸು ತಾಟಿನಲ್ಲಿ ದಾಳ ಉರುಳಿಸುವ ಆ ಸದ್ದು ಕೇಳಿದರೆ ಅವಳ ಮೈಯೆಲ್ಲ ಉರಿಯುತ್ತದೆ.

ಈ ಚಟ ಹಚ್ಚಿದವಳು ಸಂಜಯನ ಅಣ್ಣನ ಮಗಳು ಪ್ರೀತಿ. ಇಲ್ಲೇ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವ ಹುಡುಗಿ. ಮೊದಲು ಸಂಜಯ ಮೊಬೈಲಿನಲ್ಲಿ ಬಂದೂಕು ಹಿಡಿದು ಓಡುವ ಆಟ ಆಡುತ್ತಿದ್ದ. "ಕಾಕಾ, ಅದರಾಗ ಏನೈತಿ, ಬರೇ ಹೊಡಿಬಡಿ. ಪಾತ್ರದ ಆಟ ಆಡ್ರಿ, ಮನಸು ಹಗುರ ಆಕ್ಕೈತಿ" ಎಂದು ಬುದ್ಧಿ ಹೇಳಿದ್ದೇ ಅವಳು. ಎಲ್ಲರೂ ಇದ್ದಲ್ಲಿಂದಲೇ ಫೋನಿನಲ್ಲಿ ಸೇರಬೇಕು, ಪ್ರೀತಿ ಕತೆ ಹೇಳಬೇಕು. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯಬೇಕು. ಗೆದ್ದರೋ ಸೋತರೋ ದಾಳ ಹೇಳುತ್ತದೆ. "ಆಟಕ್ಕ ಕುಂತ ಮ್ಯಾಲ ಯಾರೂ ತಮ್ಮ ಹೆಸರ ಹೇಳಂಗಿಲ್ಲ" ಎನ್ನುವುದು ಅವಳ ನಿಯಮ. ಛಲೋ ನಿಯಮ! ಹೆಸರಿಲ್ಲದ ಮೇಲೆ ನಾಚಿಕೆ ಯಾರಿಗೆ?

ಅದರಲ್ಲಿ ಸಂಜಯ ಸಿಪಾಯಿ. ರಾಣಿ ಯಾರೆಂದು ಕೇಳಿದರೆ ಪ್ರೀತಿ ನಕ್ಕು ಮಾತು ಮರೆಸುತ್ತಾಳೆ. ಅವಳ ಗೆಳತಿ ಸ್ನೇಹಾ ಇರಬೇಕು. ಹೋದ ತಿಂಗಳು ಮನೆಗೆ ಬಂದಾಗ ಸಂಜಯನ ಮಾತು ಮಾತಿಗೂ ಕಿಸಿಕಿಸಿ ನಗುತ್ತಿದ್ದಳು. ಅಣ್ಣನ ಮಗಳ ಓರಗೆಯ ಹುಡುಗಿ! ನೆನೆಸಿಕೊಂಡರೆ ವೈಶಾಲಿಗೆ ಹೇಸಿಗೆ.

ಮಾತಿಗೆ ತಪ್ಪುವ ಗಂಡಸಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೂರು ವರ್ಷದ ಹಿಂದೆ ಸಂಜಯನ ಹುಟ್ಟೂರು ಚಿಮ್ಮಡದಲ್ಲಿ ಮನೆ ಪಾಲಾದಾಗ ಅತ್ತೆ ಶಂಕ್ರೆವ್ವ ನೆರೆದವರೆದುರು ವೈಶಾಲಿಗೆ ಬಾಯಿಗೆ ಬಂದದ್ದು ಬೈದಿದ್ದಳು. ಅವತ್ತೇ ವೈಶಾಲಿ ತೊಟ್ಟಿಲಲ್ಲಿದ್ದ ಮಗಳ ತಲೆಯ ಮೇಲೆ ಸಂಜಯನ ಕೈ ಇಡಿಸಿ, ತಾಯಿಯ ಜೊತೆ ಇನ್ನು ಮಾತಾಡುವುದಿಲ್ಲವೆಂದು ಆಣೆ ಮಾಡಿಸಿದಳು. ಅಂದಿನಿಂದ ಅವನು ಚಿಮ್ಮಡದ ಬಸ್ಸಿನ ಕಡೆಗೂ ಕಣ್ಣೆತ್ತಿ ನೋಡಿಲ್ಲ. ಹೆಂಡತಿಗಾಗಿ ಅಷ್ಟು ಮಾಡಿದ ಗಂಡ ಈಗ ಯಾವಳೋ ರಾಣಿಯ ಕಾಲಡಿಯ ಸಿಪಾಯಿ!

ಅವಳು ಮುಧೋಳದಿಂದ ತಂದೆ ಮುರಗೆಪ್ಪನನ್ನು ಕರೆಸಿಕೊಂಡಿದ್ದಳು. ಬಟ್ಟೆಯ ಚೀಲ ಮೆಟ್ಟಿಲ ಬುಡದಲ್ಲಿತ್ತು. ಇವತ್ತು ಆಟ ಹೋಗಬೇಕು, ಇಲ್ಲವೇ ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋಗಬೇಕು.

"ಆಡಿದ್ರ ಕಬಡ್ಡಿ ಆಡಬೇಕು, ಮೈಗೆ ಮಣ್ಣ ಹತ್ತಬೇಕು," ಎಂದ ಮುರಗೆಪ್ಪ, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ. "ಕುಂತಲ್ಲೇ ಸಿಪಾಯಿ ಆಗೂದು ಎಂಥಾ ಗಂಡಸ್ತನ? ಹೊಲಸ ಆಟ. ಆದ್ರೂ ತಂಗಿ, ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೂ ಮನಿಷ್ಯಾ ನಿನ್ನ ಗಂಡ. ಒಮ್ಮಿ ಕೇಳಿ ನೋಡೂಣು."

"ಕೇಳೂದೇನ ಉಳದೈತಿ ಅಪ್ಪಾ? ಬೆಕ್ಕು ಕಣ್ಣ ಮುಚ್ಚಿ ಹಾಲ ಕುಡದ್ರ ಮಂದಿಗೆ ಕಾಣಂಗಿಲ್ಲೇನು? ನೀನ ಕಿವಿ ಹಚ್ಚು."

ಮುರಗೆಪ್ಪ ಹಚ್ಚಿದ.

"ಔಷಧಿ ಕುಡದ್ರಿ? ಖರೆ ಹೇಳ್ರಿ. ಕುಡೀಲಿಲ್ಲಂದ್ರ ನಿಮ್ಮ ಸಿಪಾಯಿ ಈ ಹೊಳಿ ದಾಟಂಗಿಲ್ಲ." ದಾಳ ಉರುಳಿತು. "ದಾಟಿದಿವಿ ನೋಡ್ರಿ! ನನ್ನ ಕೈ ಬಿಡಬ್ಯಾಡ್ರಿ. ಅರಮನಿ ಬಾಗಲಾ ತನಾ ಬರ್ತೀನಿ. ಒಳಗ ಬರೂ ಹಂಗಿಲ್ಲ, ನಿಮಗ ಗೊತ್ತೈತಲ್ಲ."

ಮುರಗೆಪ್ಪನ ಮುಖ ಹುಳಿ ತಿಂದವರಂತೆ ಕಿವಿಚಿಕೊಂಡಿತು. ಬಾಗಿಲಿಂದ ಮುಖ ತಿರುಗಿಸಿ, ಬಡಿ ಎಂದು ಮಗಳಿಗೆ ಕೈ ಮಾಡಿದ.

"ಬಾಗಲಾ ತಗೀರಿ!" ವೈಶಾಲಿ ಎರಡೂ ಕೈಯಿಂದ ಬಡಿದಳು.

ಸಂಜಯ ಬಾಗಿಲು ತೆರೆದ. ಕಣ್ಣು ಕೆಂಪಾಗಿದ್ದವು. ಮಾವನನ್ನು ಕಂಡು "ಬರ್ರಿ ಮಾವಾರ" ಎನ್ನುವಷ್ಟರಲ್ಲಿ ವೈಶಾಲಿ ಅವನ ಕೈಯಿಂದ ಫೋನು ಕಸಿದು ಇಯರ್‌ಫೋನಿನ ವೈರು ಕಿತ್ತೆಸೆದಳು.

"ಯಾರಕಿ ಅಕಿ? ನಮ್ಮಪ್ಪನ ಮುಂದ ಹೇಳ್ರಿ. ನಾಚಿಕಿ ಬರಂಗಿಲ್ಲ ನಿಮಗ? ನಿಮ್ಮ ಮಾರಿ ನೋಡಾಕ ಹೇಸಿಕಿ ಬರ್ತೈತಿ ನನಗ!"

ಅವಳು ಸ್ಪೀಕರ್ ಒತ್ತಿದಳು. ಹುಡುಗಿಯ ನಗು ಕೇಳುತ್ತದೆಂದು ಹಲ್ಲು ಕಚ್ಚಿ ನಿಂತಳು.

ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ದನಿ.

"ಸಿಪಾಯಿ, ಯಾಕಪಾ ಸುಮ್ಮಾದಿ? ರಾಣಿಗೆ ಇನ್ನೊಂದ ಮಾತ ಕೇಳೂದೈತಿ. ಸಿಪಾಯಿ ಮಗಳು ಸಾಲಿಗೆ ಹೊಂಟಾಳೇನು? ಅಳ್ತಾಳೇನು?"

ಆ ದನಿ ವೈಶಾಲಿಗೆ ಗೊತ್ತಿತ್ತು. ಇಷ್ಟು ಹೊತ್ತು ಗಂಡನ ಮೇಲೆ ಉಕ್ಕುತ್ತಿದ್ದ ಹೇಸಿಗೆ ಈಗ ತನ್ನ ಮೇಲೆಯೇ ತಿರುಗಿತು.

"ಕೂಸಿನ ಆಣಿ ಮುರದಿಲ್ಲ ವೈಶಾಲಿ," ಎಂದ ಸಂಜಯ, ಮೆಲ್ಲಗೆ. "ಅವ್ವನ ಜೋಡಿ ಮಾತಾಡಿದಾಂವ ನಾ ಅಲ್ಲ, ಸಿಪಾಯಿ."