ಹರಾಜು ಕೂಗುವವನ ಗಂಟಲು

ಅತ್ಯಾಚಾರದ ಮೊಕದ್ದಮೆಯಲ್ಲಿ ತೀರ್ಪು ಹೇಳುವ ಮುನ್ನ ಪಂಚರು ಒಬ್ಬೊಬ್ಬರಾಗಿ ಒಳಕೋಣೆಯ ಯಂತ್ರದ ಕುರ್ಚಿಯಲ್ಲಿ ಕೂತು, ಹುಡುಗಿ ಅನುಭವಿಸಿದ ಏಳು ನಿಮಿಷವನ್ನು ತಾವೂ ಅನುಭವಿಸಬೇಕೆಂಬುದು ಕೋರ್ಟಿನ ರೂಢಿ. ಮೊದಲ ಸರದಿ ತಿಪ್ಪೇಸ್ವಾಮಿಯದು. ಈರುಳ್ಳಿ ಮಂಡಿಯಲ್ಲಿ ಅವನು ಹರಾಜು ಕೂಗಿದರೆ ಮೂರು ಬೀದಿಯಾಚೆಗೂ ಕೇಳುತ್ತಿತ್ತು.

“ಆ ಹುಡುಗಿಗೆ ಬಾಯಿರಲಿಲ್ವಾ? ಕೂಗೋಕೇನಾಗಿತ್ತು?” ಎನ್ನುತ್ತಲೇ ಒಳಗೆ ಹೋದ. ಜವಾನ ಅವನ ತಲೆಗೆ ಪಟ್ಟಿ ಬಿಗಿದು, ಆಕಳಿಸುತ್ತ ಬಾಗಿಲೆಳೆದುಕೊಂಡ.

ಕಾಣದ ಕೈಯೊಂದು ತಿಪ್ಪೇಸ್ವಾಮಿಯ ಕತ್ತು ಹಿಸುಕಿತು. ತಲೆ ಗೋಡೆಗೆ ಬಡಿದಂತಾಯಿತು, ಮತ್ತೆ ಬಡಿಯಿತು. ಎದೆಯ ಮೇಲೆ ಮೊಣಕಾಲೊಂದು ಊರಿತು, ಪಕ್ಕೆಲುಬು ಲಟಕ್ಕೆಂದಿತು. ಬಾಯಿ ತುಂಬ ರಕ್ತದ ರುಚಿ. ಕೂಗಬೇಕೆಂದು ಬಾಯಿ ತೆರೆದ. ಮಂಡಿಯನ್ನೇ ನಡುಗಿಸುತ್ತಿದ್ದ ಆ ಗಂಟಲಿಂದ ಉಸಿರೂ ಹೊರಡಲಿಲ್ಲ. ಕೈಕಾಲು ಬೇರೆ ಯಾರದೋ ಎಂಬಂತೆ ಬಿದ್ದಿದ್ದವು.

ಏಳು ನಿಮಿಷ ಕಳೆದ ಮೇಲೆ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಮುಂದಿನ ಸರದಿಯ ಗುರುಬಸಪ್ಪ ಟೀ ಲೋಟ ಕೆಳಗಿಟ್ಟ.

“ಆ ಹುಡುಗಿ ಹೇಳಿದ್ದೆಲ್ಲ ನಿಜ, ಗುರುಬಸಣ್ಣ. ಕೂಗೋಕಾಗಲ್ಲ.”

ಗುರುಬಸಪ್ಪ ನಕ್ಕ. “ಸುಮ್ನಿರಪ್ಪ. ನಾವೆಲ್ಲ ಬಾಗಿಲಿಗೇ ಕಿವಿಯಿಟ್ಟು ಕೂತಿದ್ವಿ, ಒಂದು ಸದ್ದೂ ಬರಲಿಲ್ಲ. ಅಷ್ಟು ದೊಡ್ಡ ಗಂಟಲಿನೋನು ನೀನು. ನಿಜವಾಗ್ಲೂ ನೋವಾಗಿದ್ರೆ ಕೂಗ್ತಿರಲಿಲ್ವಾ?”