ಹಣೆಯ ಬಿಸಿ

ಸಾಂಕ್ರಾಮಿಕ ಜ್ವರ ಹಬ್ಬಿ ಬಸ್ಸು ಓಡಾಟ ನಿಂತ ಮೇಲೆ ಆಟೋದವರು ಒಂದಕ್ಕೆ ಮೂರು ಹೇಳುತ್ತಿದ್ದರು. ಹೋಗಲು, ಬರಲು ಅಂತ ಕೊಟ್ಟರೆ ದಿನದ ಕೂಲಿಯಲ್ಲಿ ಅರ್ಧ ಆಟೋಗೇ ಸಂದಾಯ. ಉಳಿದರ್ಧದಲ್ಲಿ ಮನೆ ಬಾಡಿಗೆ ಕೊಡಬೇಕು, ಅತ್ತೆಯ ಮಾತ್ರೆ ತರಬೇಕು. ನಡೆದರೆ ಸವೆಯುವುದು ಚಪ್ಪಲಿ ಮಾತ್ರ ಎಂದು ಲೆಕ್ಕ ಹಾಕಿ, ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ತಂಗಿ ಮಧ್ಯಾಹ್ನದ ಪಾಳಿಗೆ ಉರಿಬಿಸಿಲಲ್ಲಿ ನಡೆದೇ ಬಂದಳು.

ಗೇಟಿನಲ್ಲಿ ಜ್ವರ ನೋಡುವ ಪಿಸ್ತೂಲು ಹಿಡಿದು ನಿಂತಿದ್ದ ಕಾವಲುಗಾರ ಅವಳ ಒಡಹುಟ್ಟಿದ ಅಣ್ಣ.

“ಬೇಗ ಗುಂಡು ಹಾರಿಸಣ್ಣ. ಸತ್ರೂ ಒಳಗೆ ಫ್ಯಾನಿನ ಕೆಳಗೇ ಸಾಯ್ತೀನಿ,” ಎಂದು ಮಾಸ್ಕಿನೊಳಗೇ ನಕ್ಕಳು.

ಹಣೆಗೆ ಹಿಡಿದ. ಕೀಂ ಎಂದು ಕೆಂಪು ದೀಪ ಹೊತ್ತಿತು. ನೂರಾ ಒಂದು.

ಕೆಂಪು ಬಂದವರು ಹದಿನೈದು ದಿನ ಒಳಗೆ ಕಾಲಿಡುವಂತಿಲ್ಲ, ಸಂಬಳವೂ ಇಲ್ಲ. ಅವರ ಮಿಷನ್ನಿಗೆ ಬೇರೊಬ್ಬರು ಕೂರುತ್ತಾರೆ; ಒಮ್ಮೆ ಕೂತವರು ಏಳುವುದಿಲ್ಲ. ಆದರೆ ಇದು ಜ್ವರವಲ್ಲವೆಂದು ಅಣ್ಣನಿಗೆ ಗೊತ್ತಿತ್ತು. ಬಿಸಿಲಲ್ಲಿ ನಡೆದು ಬಂದವರ ಹಣೆ ಕಾದ ಹೆಂಚಿನ ಹಾಗಿರುತ್ತದೆ, ಸ್ವಲ್ಪ ನೆರಳು ಸಿಕ್ಕರೆ ತಾನೇ ಆರುತ್ತದೆ.

“ಆ ಮರದ ಕೆಳಗೆ ಹೋಗಿ ಮುಖ ತೊಳ್ಕೊ. ಆಮೇಲೆ ಇನ್ನೊಂದ್ಸಲ ನೋಡ್ತೀನಿ.”

“ಪಾಳಿ ಶುರುವಾಗುತ್ತಲ್ಲಣ್ಣಾ? ಬೈತಾರೆ.”

“ಬೈಸ್ಕೊ. ಬೈಗುಳ ಏನು ಮೈಗೆ ಅಂಟುತ್ತಾ?”

ಅವಳು ಮರದ ಕೆಳಗಿನ ನಲ್ಲಿ ತಿರುಗಿಸಿದಳು. ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರ ಕಾರು ಬಂದು ನಿಂತಿತು. ಗಾಜು ಇಳಿದದ್ದೇ ತಣ್ಣನೆಯ ಗಾಳಿ ಅಣ್ಣನ ಮುಖಕ್ಕೆ ಬಡಿಯಿತು. ಸಾಹೇಬರ ಕಣ್ಣು ಕೆಂಡದಂತಿತ್ತು. ಬಂದ ಕೆಮ್ಮನ್ನು ಕರವಸ್ತ್ರದಲ್ಲಿ ಅದುಮಿಕೊಂಡು ಕೇಳಿದರು:

“ಯಾರದು, ಮರದ ಕೆಳಗೆ?”

“ಹೊಲಿಗೆಯವರು ಸಾರ್. ಬಿಸಿಲಲ್ಲಿ ನಡ್ಕೊಂಡು ಬಂದಿದಾರೆ, ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ...”

“ಎಷ್ಟು ತೋರಿಸ್ತು?”

ಅವನು ಪಿಸ್ತೂಲನ್ನು ಈ ಕೈಯಿಂದ ಆ ಕೈಗೆ ದಾಟಿಸಿದ.

“ಎಷ್ಟಯ್ಯಾ?”

“ನೂರಾ ಒಂದು ಸಾರ್.”

“ಅಂಥವಳನ್ನ ನೆರಳಲ್ಲಿ ಕೂರಿಸಿ ಉಪಚಾರ ಮಾಡ್ತಿದೀಯಾ? ನಿನ್ನ ಕಡೆಯವಳೇನು?”

ಹಿಂದಿನ ಕಾವಲುಗಾರ ಕೆಂಪು ಬಂದ ತನ್ನ ಭಾಮೈದನನ್ನು ನೋಡಿಯೂ ನೋಡದವನ ಹಾಗೆ ಒಳಗೆ ಬಿಟ್ಟು ಕೆಲಸ ಕಳೆದುಕೊಂಡಿದ್ದ. ಆ ಜಾಗಕ್ಕೇ ಇವನು ಬಂದದ್ದು.

“ಅಲ್ಲ ಸಾರ್. ಯಾರೋ.”

ಮರದ ಕೆಳಗೆ ನಲ್ಲಿಯ ಸದ್ದು ನಿಂತಿತು.

“ಹಾಗಾದ್ರೆ ಕಳಿಸು. ನಿಯಮ ಎಲ್ರಿಗೂ ಒಂದೇ. ಎಲ್ಲಿ, ನಂಗೂ ಹಿಡಿ.”

ತಂಪಿನಲ್ಲಿ ಕೂತು ಬಂದ ಹಣೆ. ಹಸಿರು ದೀಪ, ತೊಂಬತ್ತಾರು. “ನೋಡಿದ್ಯಾ?” ಎಂದವರಿಗೆ ಮತ್ತೆ ಕೆಮ್ಮು ಒತ್ತರಿಸಿ ಬಂತು. ಇದು ಧೂಳಿನ ಕೆಮ್ಮಲ್ಲ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೂ ಬಂದು, ಅಲ್ಲಿಂದಲೇ ಹಿಂದಿರುಗಿತು. ಗೇಟು ತೆರೆದು ಸಲಾಮು ಹೊಡೆದ.

ತಂಗಿ ಒದ್ದೆ ಮುಖ ಒರೆಸಿಕೊಳ್ಳುತ್ತಾ ಬಂದು, ದೂರದಲ್ಲೇ ನಿಂತಳು.

“ಸೆಕ್ಯೂರಿಟಿಯವ್ರೇ, ಔಷಧಿ ಹೊಡೆಯೋಕೆ ಅಂತ ನನ್ನ ಊಟದ ಡಬ್ಬಿ ನಿಮ್ಮ ಟೇಬಲ್ ಮೇಲಿಟ್ಟಿದ್ದೆ. ಕೊಡ್ತೀರಾ?”

“ಏನೇ ಇದು? ನನ್ನ ಮಾತು ಸ್ವಲ್ಪ ಕೇಳು...”

“ಕೆಳಗಿಟ್ಟು ಹಿಂದೆ ಸರೀರಿ. ಯಾರೋ ಏನೋ, ಹುಷಾರಾಗಿರ್ಬೇಕು.”

ಡಬ್ಬಿ ಎತ್ತಿಕೊಂಡು, ಬಂದ ದಾರಿಯಲ್ಲೇ ನಡೆದು ಹೋದಳು. ಅವಳ ಮಿಷನ್ನಿಗೆ ಸಂಜೆಯೊಳಗೆ ಇನ್ನೊಬ್ಬಳು ಕೂತಳು.

ಐದನೆಯ ದಿನ ಸಾಹೇಬರು ಆಸ್ಪತ್ರೆ ಸೇರಿದರು. ಅಷ್ಟರಲ್ಲಿ ಹೊಲಿಗೆ ಸಾಲುಗಳಲ್ಲೆಲ್ಲ ಕೆಮ್ಮು ಕೇಳತೊಡಗಿತ್ತು. ಅಂದೇ ಕಾರ್ಖಾನೆಗೆ ಬೀಗ ಬಿತ್ತು. ಮುಚ್ಚಿದ ಕಾರ್ಖಾನೆಗೆ ಜ್ವರ ನೋಡುವವನು ಯಾಕೆ ಬೇಕು? ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ತಂಗಿಯನ್ನು ಯಾರೋ ಎಂದದ್ದಕ್ಕೆ ಅವನಿಗೆ ಸಿಕ್ಕಿದ್ದು ನಾಲ್ಕು ದಿನದ ಸಂಬಳ.