ಅಳತೆಯ ದಿಂಬು

ಗಂಡನ ಅಂತ್ಯಸಂಸ್ಕಾರಕ್ಕೆ ಬಂದ ನೆಂಟರೆಲ್ಲ ಹೊರಟುಹೋಗಿ, ಮನೆ ಮತ್ತೆ ಮನೆಯಂತೆ ಕಂಡ ಮೊದಲ ಬೆಳಿಗ್ಗೆ ಅವಳ ಕತ್ತು ಎಡಕ್ಕೆ ತಿರುಗಲಿಲ್ಲ. ಅಡುಗೆಮನೆಯಿಂದ ಅತ್ತೆ ಕರೆದಾಗ, ಬೀರು ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಿದಳು.

"ಕತ್ತಿಗೇನಾಯ್ತೇ?"

"ಏನೋ ಹಿಡ್ಕೊಂಡಿದೆ ಅತ್ತೆ. ಹೋಗುತ್ತೆ ಬಿಡಿ."

"ಹೋಗುತ್ತೆ ಹೋಗುತ್ತೆ ಅಂತ ಅವನೂ ಎದೆ ಉಜ್ಕೊಂಡು ಓಡಾಡಿದ. ಇನ್ನೊಂದು ಸಲ ಆ ಮಾತು ಈ ಮನೇಲಿ ಬೇಡ. ಇವತ್ತೇ ತೋರಿಸ್ಕೊಂಡು ಬಾ."

ಹಾಗಾಗಿ ಅವಳು ಬೀದಿಯ ಕೊನೆಯಲ್ಲಿದ್ದ, ಕತ್ತು ಬೆನ್ನುಮೂಳೆ ಒತ್ತಿ ಸರಿಮಾಡುವ ಕೈರೋಪ್ರಾಕ್ಟರ್ ಬಳಿಗೆ ಹೋದಳು. ಆ ಹೆಸರಿಗೆ ನಾಲಿಗೆ ಹೊರಳದವರೆಲ್ಲ ಆಕೆಯನ್ನು 'ಕತ್ತಿನ ಡಾಕ್ಟ್ರಮ್ಮ' ಎನ್ನುತ್ತಿದ್ದರು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡ ದಿನವಿಡೀ ತಲೆಯೆತ್ತಿ ಹಗ್ಗ, ಗಾಲಿ ನೋಡಿ ನೋಡಿ ಕತ್ತು ಹಿಡಿಸಿಕೊಂಡಾಗ ಬರುತ್ತಿದ್ದದ್ದೂ ಇಲ್ಲಿಗೇ. ಸುದ್ದಿ ಡಾಕ್ಟ್ರಮ್ಮನಿಗೆ ಮುಟ್ಟಿತ್ತು. ಆದರೂ ಆಕೆ ಸಮಾಧಾನದ ಮಾತೇನೂ ಆಡಲಿಲ್ಲ. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವಳ ಕತ್ತಿನ ಹಿಂದೆ ಇಟ್ಟಳು. ಅವಳಿಗೆ ಅದೇ ಹಿತವೆನಿಸಿತು.

"ಕೂತು ಮಾಡೋ ಕೆಲಸವಾ?"

"ಗ್ರಂಥಾಲಯದಲ್ಲಿದೀನಿ. ಸದ್ಯ ರಜೆ."

"ತಲೆ ಬಗ್ಗಿಸಿ ಫೋನ್ ನೋಡ್ತಾನೇ ಇರ್ತೀರಾ?"

"ಸಮಾಧಾನ ಹೇಳೋರಿಗೆ ಉತ್ತರ ಕೊಟ್ಟು ಸಾಕಾಗಿ ಆಫ್ ಮಾಡಿಟ್ಟಿದೀನಿ."

"ಬಿದ್ರಾ? ಭಾರ ಎತ್ತಿದ್ರಾ? ಕೈ ಜೋಮು ಹಿಡಿಯುತ್ತಾ?"

"ಇಲ್ಲ."

"ಹಾಗಾದ್ರೆ ದಿಂಬೇ ಇರ್ಬೇಕು."

ಕತ್ತಿನ ಮೇಲೆ ಓಡಾಡುತ್ತಿದ್ದ ಬೆರಳುಗಳು ನಿಂತವು.

"ಅವರ ದಿಂಬಿನ ಮೇಲೆ ಮಲಗ್ತಿದೀರಾ?"

"ಹೂಂ."

ಅದು ಕ್ಲಿನಿಕ್ಕಿನದೇ ದಿಂಬು. ಅವನ ಅಗಲ ಭುಜದ ಅಳತೆ ನೋಡಿ ಆರಿಸಿ, ನೋವು ಹೋದ ಮೇಲೆ ತಂದುಕೊಡಿ ಎಂದು ಡಾಕ್ಟ್ರಮ್ಮನೇ ಕೊಟ್ಟದ್ದು. ಅವನ ತಲೆ ಕೂತು ಕೂತು ನಡುವೆ ಒಂದು ತಗ್ಗು ಬಿದ್ದಿತ್ತು. ಅವನು ಹೋದಂದಿನಿಂದ ಅವಳು ಆ ತಗ್ಗಿನೊಳಗೆ ತಲೆಯಿಟ್ಟು, ಆಚೀಚೆ ಜಾರದಂತೆ ಕತ್ತು ಬಿಗಿಹಿಡಿದು ಮಲಗುತ್ತಿದ್ದಳು. ಇದನ್ನು ಅತ್ತೆಗೂ ಹೇಳಿರಲಿಲ್ಲ.

"ನಿಮ್ಮ ಭುಜಕ್ಕೆ ಅದು ತೀರಾ ಎತ್ತರ. ಹಾಂ, ಉಸಿರು ಬಿಡಿ." ಲಟಕ್ಕೆಂದಿತು. ಕಿವಿಯ ಕೆಳಗೆ ಏನೋ ಸಡಿಲಗೊಂಡಿತು. "ಹಗಲು ನಾನು ಸರಿಮಾಡೋದು, ರಾತ್ರಿ ಅದು ಕೆಡಿಸೋದು, ಹೀಗೇ ಆಗುತ್ತೆ. ವಾಪಸ್ ಕೊಡಿ ಅನ್ನಲ್ಲಮ್ಮ, ಇಟ್ಕೊಳ್ಳಿ. ಅದರ ಮೇಲೆ ಮಾತ್ರ ಮಲಗಬೇಡಿ."

"ಮಲಗಿದ್ರೆ ಏನಾಗುತ್ತೆ?" ದಿಂಬು ಬಿಡದೆ ಇರುವ ದಾರಿ ಏನಾದರೂ ಇದೆಯೇ ಎಂದು ಹುಡುಕುತ್ತಿದ್ದಳು.

"ಒಂದೇ ಕಡೆ ನೋಡ್ಕೊಂಡು ಇರ್ಬೇಕಾಗುತ್ತೆ."

ಆ ದಿನ ದಿಂಬನ್ನು ಜೋಪಾನವಾಗಿ ಕುರ್ಚಿಯ ಮೇಲಿಟ್ಟು, ಮಡಚಿದ ಟವೆಲಿನ ಮೇಲೆ ತಲೆಯಿಟ್ಟು ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ತಗ್ಗು ಇರಲಿಲ್ಲ. ಭಾರ ಬೀಳದೆ ಫೋಮ್ ಉಬ್ಬಿಕೊಂಡು, ಯಾರೂ ಎಂದೂ ತಲೆಯಿಡದ ದಿಂಬಿನಂತೆ ನುಣ್ಣಗೆ ಕೂತಿತ್ತು. ಅಂಗೈಯಿಂದ ಒತ್ತಿದಳು. ಒತ್ತಿದಷ್ಟು ಹೊತ್ತು ತಗ್ಗಿತು, ಕೈ ತೆಗೆದರೆ ಮೆಲ್ಲಗೆ ಎದ್ದುಬಂತು. ಇಷ್ಟು ದಿನ ಇದ್ದದ್ದು ಅವನ ತಗ್ಗೋ, ತಾನೇ ಒತ್ತಿ ಒತ್ತಿ ಉಳಿಸಿಕೊಂಡದ್ದೋ, ಅವಳಿಗೆ ತಿಳಿಯಲಿಲ್ಲ. ಒಗೆದ ಹೊದಿಕೆ ಹಾಕಿ ದಿಂಬನ್ನು ಕಂಕುಳಲ್ಲಿಟ್ಟುಕೊಂಡಳು.

"ಏನೇ ಅದು?" ಎಂದರು ಅತ್ತೆ ಬಾಗಿಲಲ್ಲಿ.

"ಕ್ಲಿನಿಕ್ಕಿಂದ ತಂದಿದ್ರು. ಕೊಟ್ಟು ಬರ್ತೀನಿ."

ಅತ್ತೆ ದಿಂಬನ್ನು ಒಮ್ಮೆ ಸವರಿದರು. "ಹೂಂ, ಹೋಗ್ಬಾ. ಇಸ್ಕೊಂಡಿದ್ದನ್ನ ತಾನಾಗಿ ಯಾವತ್ತು ವಾಪಸ್ ಕೊಟ್ಟಿದ್ದ ಅವನು!"

ಕ್ಲಿನಿಕ್ಕಿನ ಬೆಂಚಿನ ಮೇಲೆ ಕತ್ತಿಗೆ ಪಟ್ಟಿ ಕಟ್ಟಿಕೊಂಡ ಲಾರಿ ಚಾಲಕನೊಬ್ಬ ಕೂತಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಡಾಕ್ಟ್ರಮ್ಮ ದಿಂಬು ಕೈಗೆ ತೆಗೆದುಕೊಂಡು ಚಾಲಕನ ಭುಜ ನೋಡಿದಳು, ಆಮೇಲೆ ಅನುಮಾನದಿಂದ ಅವಳ ಮುಖ ನೋಡಿದಳು.

"ಅವರಿಗೇ ಕೊಡಿ," ಎಂದಳು ಅವಳು. ದಿಂಬು ಚಾಲಕನ ತೊಡೆಯೇರಿತು.

"ಇದರಿಂದ ಗುಣ ಕಾಣುತ್ತಾ ಅಕ್ಕಾ?" ಚಾಲಕನ ಹೆಂಡತಿ ಕೇಳಿದಳು.

"ನಮ್ಮನೆಯವರಿಗೆ ನೋವು ಹೋಯ್ತು."

"ಗೊರಕೆ?"

"ಅದು ಹೋಗಲ್ಲ."

"ಸತ್ತೆ ಬಿಡಿ! ಇವರು ಶುರು ಹಚ್ಕೊಂಡ್ರೆ ಗೋಡೆ ನಡುಗುತ್ತೆ. ದಿನಾ ಕಿವಿಗೆ ಹತ್ತಿ ತುರುಕ್ಕೊಂಡು ಮಲಗ್ತೀನಿ."

ಚಾಲಕ ಕತ್ತು ಅಲ್ಲಾಡಿಸಲಾಗದೆ ಕಣ್ಣಲ್ಲೇ ನಕ್ಕ. ಅವಳು ಆ ಹೆಂಗಸಿನ ಕಡೆ ಕತ್ತು ತಿರುಗಿಸಿದಳು.

"ಹತ್ತಿ ತೆಗೆದುಬಿಡಿ, ಗೊರಕೆ ಕೇಳಿಸ್ತಾ ಇರ್ಲಿ," ಎಂದಳು.